ಕಳ್ಳ ಗೊರಕೆ

ಹಾಡುಗಾರರ ಆಯ್ಕೆ ನಡೆಯುತ್ತಿದ್ದ ಕೋಣೆಯ ಹೊರಗೆ ಕೆಟ್ಟ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದ ರಿಪೇರಿಯವನ ಕಣ್ಣು ಕೆಲಸದ ಮೇಲಿತ್ತು, ಕಿವಿ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಕಾಯುತ್ತಿದ್ದರು.

“ನಡಿಯೇ, ಮನೆಗೆ ಹೋಗೋಣ,” ಎಂದಳು ಅತ್ತಿಗೆ.

“ಮುಂದಿನ ನಂಬರು ನಿಮ್ದೇ. ಗಟ್ಟಿಯಾಗಿ ಒಂದು ಸಾಲು ಹಾಡಿ ನೋಡಿ.”

ಅತ್ತಿಗೆ ಬಾಯಿ ತೆರೆದಳು. ಬಂದದ್ದು ಪಿಸುದನಿ.

“ನೋಡಿದ್ಯಾ? ಒಂಬತ್ತು ವರ್ಷ ನಿಮ್ಮಣ್ಣನ ಹಾಸಿಗೆ ಪಕ್ಕ ಹೀಗೇ ಗುನುಗಿದ್ದು, ಕಾಯಿಲೆ ಮನುಷ್ಯನ ನಿದ್ದೆ ಕೆಡಬಾರದು ಅಂತ. ಈಗ ಅವರೂ ಇಲ್ಲ, ಗಂಟಲೂ ಇಲ್ಲ.”

“ಅಣ್ಣ ನಿದ್ದೆ ಮಾಡ್ತಿದ್ದ ಅಂದ್ಕೊಂಡ್ರಾ?”

“ಮತ್ತೆ? ಗೊರಕೆ ಹೊಡೀತಿದ್ರಲ್ಲ!”

“ಕಳ್ಳ ಗೊರಕೆ ಅತ್ತಿಗೆ! ಎಚ್ಚರ ಇದ್ದಾನೆ ಅಂತ ಗೊತ್ತಾದ್ರೆ ನೀವು ಹಾಡು ಬಿಟ್ಟು ಮಾತ್ರೆ ತರೋಕೆ ಓಡ್ತಿದ್ರಂತೆ. ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ಅವನದು ಒಂದೇ ದೂರು. ‘ದನಿ ಮೇಲೆ ಹೋಗೋ ಕಡೆಯೆಲ್ಲ ನುಂಗಿಬಿಡ್ತಾಳೆ ಕಣೇ’ ಅಂತಿದ್ದ.”

“ಕಳ್ಳ,” ಎಂದಳು ಅತ್ತಿಗೆ. ಅದು ನಗುವೋ ಅಳುವೋ ರಿಪೇರಿಯವನಿಗೆ ತಿಳಿಯಲಿಲ್ಲ.

ಒಳಗಿನಿಂದ ನಂಬರು ಕೂಗಿದರು.

“ಎದ್ದೇಳಿ. ಇನ್ನು ಯಾರ ನಿದ್ದೇನೂ ಕೆಡಲ್ಲ.”

“ಕೈ ನಡುಗ್ತಿದೆ ಕಣೇ.”

“ಹಾಡೋದು ಕೈಯಲ್ಲ, ಬನ್ನಿ.”

ನಾದಿನಿ ಅವಳನ್ನು ಬಾಗಿಲವರೆಗೂ ನಡೆಸಿಕೊಂಡು ಹೋದಳು. ಒಳಗೆ ಕಾಲಿಟ್ಟ ಅತ್ತಿಗೆ ಹಳೆಯ ರೂಢಿಯಂತೆ ಬಾಗಿಲನ್ನು ಒಂದಿಷ್ಟೂ ಸದ್ದಾಗದ ಹಾಗೆ ಎಳೆದುಕೊಂಡಳು. ಅದನ್ನು ಕಂಡ ರಿಪೇರಿಯವನಿಗೆ, ಒಳಗೂ ಪಿಸುದನಿಯೇ ಬಂದೀತೇನೋ ಎಂದು ಹೆದರಿಕೆಯಾಯಿತು. ದೇವರನ್ನು ನೆನೆದು, ಸ್ಕ್ರೂಡ್ರೈವರ್ ಕೆಳಗಿಟ್ಟು, ಅವನು ಉಸಿರು ಬಿಗಿಹಿಡಿದು ಕೂತ.