ಚರಗಕ್ಕಿಂತ ಮೊದ್ಲ ತಗದಿಟ್ಟ ಕಡುಬು

...ಅಲ್ಲ, ಸಂತೆಕಲ್ಲೂರಾಗ ನಮ್ಮ ಚರ್ಚಿನ ಕ್ರಿಸ್‌ಮಸ್ ಊಟಕ್ಕ ಬ್ಯಾರೆ ಮಂದಿ ಯಾಕ ಬರಂಗಿಲ್ಲಜ್ಜಿ ಅಂತ ಕೇಳ್ತೀರಲ್ಲ, ಅದು ನನ್ನಿಂದ್ರೋ, ನಿಮ್ಮಜ್ಜಿಯಿಂದ. ಇಲ್ಲೇ ಕುಂದರ್ರಿ, ಹೇಳ್ತೀನಿ. ನಿಮ್ಮಜ್ಜ ತೀರ್ಕೊಂಡಾಗ ನಿಮ್ಮಪ್ಪ ಇನ್ನಾ ಅಂಬೆಗಾಲು... ಇಲ್ಲಿಲ್ಲ, ನಡ್ಯಾಕತ್ತಿದ್ದ ಬಿಡು. ಮನ್ಯಾಗ ಒಂದು ಹಿಡಿ ಜ್ವಾಳ ಇದ್ದಿಲ್ಲ. ಆವಾಗ ಶರಣಕ್ಕ ಬಂದು ತನ್ನ ಹೊಲಕ್ಕ ಕಳೆ ತೆಗ್ಯಾಕ ಕರ್ಕೊಂಡು ಹೋದ್ಲು. ಅವ್ರು ಲಿಂಗ ಕಟ್ಟಿದ ಮಂದಿ, ಹೊಲಾ ಮನಿ ಇದ್ದಾವ್ರು. ನಾವು ಏಸುಸ್ವಾಮಿನ್ನ ನಂಬಿದ ಬಡವ್ರು. ಆದ್ರೂ ನೋಡು, ವರ್ಷಾ ಎಳ್ಳ ಅಮಾಸಿಗೆ ಹೊಲದಾಗ ಭೂಮ್ತಾಯಿಗೆ ಎಡಿ ಹಿಡಿದು, ಆ ಎಡೀನ ಬೆಳಿಯಾಗ ಚರಗ ಅಂತ ಚೆಲ್ಲಿ ಬಂದು, ಸೆರಗಿನಾಗ ಕಡುಬು ಮುಚ್ಚಿಕೊಂಡು ನಮ್ಮ ಹಿತ್ತಲಿಗೆ ಬರ್ತಿದ್ಲು. ಬ್ಯಾರೆ ದೇವ್ರಿಗೆ ಎಡಿ ಹಿಡಿದದ್ದು ಉಣಬಾರ್ದು ಅಂತ ನಮ್ಮ ಸಭ್ಯಾಗ ಹೇಳ್ತಿದ್ರು, ನಾ ಮಾತ್ರ ಯಾರಿಗೂ ಹೇಳದ ತಿಂತಿದ್ದೆ. ಹಸಿದ ಹೊಟ್ಟಿಗೆ ಎಲ್ಲಿ ಬೋಧನಿ?

ಹ್ಞಾಂ, ಎಲ್ಲಿದ್ದೆ... ಹೋದ ವರ್ಷ ಅಲ್ಲ, ಅದರಾಚೆ ವರ್ಷ ಪಾಸ್ಟರ್ ಅಯ್ನೋರು ಅಂದ್ರು, ಬರೇ ನಾವ್ ನಾವೇ ಉಂಡ್ರ ಏನ್ ಬಂತು, ಊರಾಗ ಹೋಗಿ ಎಲ್ಲಾರ್ನೂ ಕರೀರಿ ಅಂತ. ನನ್ನ ಮುಂದ ಮಾಡ್ಕೊಂಡು ಮೂರು ಮಂದಿ ಹೆಣ್ಮಕ್ಳು ಹೋದ್ವಿ. ನನಗೂ ಒಂದೀಟು ಹಮ್ಮು ಬಂದಿತ್ತು, ಸುಳ್ಳು ಯಾಕ ಹೇಳ್ಲಿ. ಅವತ್ತ ಎಳ್ಳ ಅಮಾಸಿ. ಶರಣಕ್ಕನ ಮನಿಗೆ ಹೋದಾಗ ಆಕಿ ಆಗಷ್ಟೇ ಹೊಲದಿಂದ ಬಂದಿದ್ಲು. ಬರ್ತೀನಿ ಬೇ, ನೀ ಕರದ್ರ ಬರದ ಇರ್ತೀನೇನು ಅಂದ್ಲು. ಅನ್ಕೋಂತ ಎಲ್ಲಾರ ಮುಂದ ಕಡುಬಿನ ತಾಟು ತಂದಿಟ್ಲು. ಜೋಡಿ ಬಂದಾವ್ರಿಬ್ರೂ ನನ್ನ ಮಕಾನ ನೋಡಾಕತ್ತಿದ್ರು. ನನಗೇನು ದೆವ್ವ ಬಡೀತೋ, "ಚರಗದ್ದು ನಾವು ಉಣ್ಣಂಗಿಲ್ರೀ" ಅಂದ್ಬಿಟ್ಟೆ. ಮೂವತ್ತು ವರ್ಷ ನಾ ಬಾಯ್ತುಂಬ ಅಕ್ಕಾ ಅಂದಾಕಿಗೆ ರೀ ಹಚ್ಚಿದೆ.

ಆಕಿ ಸಿಟ್ಟಿಗೇಳಲಿಲ್ಲ. ಸಣ್ಣ ದನಿಲೆ ಅಂದ್ಲು: "ಇದು ಚರಗದ್ದಲ್ಲ ಎಲೀಸಮ್ಮ. ಎಡಿ ಹಿಡಿಯಾಕಿಂತ ಮೊದ್ಲ ನಿನ್ನ ಪಾಲು ತಗದಿಟ್ಟಿರ್ತೀನಿ. ಮೂವತ್ತು ವರ್ಷದಿಂದ ಹಂಗ ಮಾಡಾಕತ್ತೀನಿ. ನಿನ್ನ ದೇವ್ರ ಮುಂದ ನಿನಗ ಮಾತು ಬರಬಾರ್ದಂತ."

ತಾಟು ಎತ್ಕೊಂಡು ಒಳಗ ಹೋದ್ಲು. ಕ್ರಿಸ್‌ಮಸ್ ದಿನ ಅನ್ನಾ ಸಾರು ಮಾಡಿಟ್ಟು ಬಾಗ್ಲಾ ಕಾದ್ವಿ. ಶರಣಕ್ಕ ಬರ್ಲಿಲ್ಲ, ಆಕಿ ಬರ್ಲಿಲ್ಲಂತ ಆ ಓಣ್ಯಾವ್ರು ಒಬ್ರೂ ಬರ್ಲಿಲ್ಲ. ತಪ್ಪಾತು ಅನ್ನಾಕ ಎರಡು ಸಲ ಹೋಗೀನಿ. ಬರ್ರಿ, ಕುಂದರ್ರಿ, ಚಾ ಕುಡೀತೀರೇನ್ರಿ ಅಂತಾಳ. ರೀ ಅಂತಾಳ ನನಗ. ಬೈದಿದ್ರ ಕಾಲಾದ್ರೂ ಹಿಡೀತಿದ್ದೆ, ಈಗ ಏನ್ ಹಿಡೀಲಿ? ದಿನಾ ಪ್ರಾರ್ಥನಿ ಮಾಡ್ತೀನಿ. ಈ ಅಮಾಸಿಗೂ ಹಿತ್ತಲ ಬಾಗ್ಲಾ ತಗದಿಟ್ಟು ಕುಂತಿದ್ದೆ, ಹುಚ್ಚಿ ಹಂಗ. ಸಾಯೋತನಕ ಇದು ನೆಟ್ಟಗಾಗಂಗಿಲ್ಲ ಅನಸ್ತೈತಿ. ಮಂದೀನ್ನ ಊಟಕ್ಕ ಕರ್ಯಾಕ ಹೋಗಾವ್ರು ಮೊದ್ಲ ಅವ್ರ ಮನ್ಯಾಗ ಉಣ್ಣಾಕ ಕಲೀಬೇಕು. ಏಳ್ರಿ, ರೊಟ್ಟಿ ಆರಾಕತ್ಯಾವ.