ಗೇಟು ನೋಡದ ಹುಡುಗ

“ಹಲೋ... ಯಾರು ಮಾತಾಡ್ತಿರೋದು? ... ಹಾಂ, ಹುಡುಗನ ತಾಯಿನಾ? ಹೆಣ್ಣು ನೋಡೋಕೆ ಹೊರಟ್ರಾ? ಎಲ್ಲಿದ್ದೀರಿ?”

...

“ತೋಟದ ಗೇಟ್ ಹತ್ರಾನಾ? ಹಾಗಾದ್ರೆ ಬಂದೇಬಿಟ್ರಿ, ಅಲ್ವಾ. ... ತೆಗೆಯೋಕೆ ಆಗ್ತಿಲ್ವಾ? ಒಳಗೆ ತಳ್ಳಬೇಡಿ, ಒಳಗಡೆ ಏರು, ನೆಲ ಕಚ್ಕೊಳ್ಳುತ್ತೆ. ಹೊರಗೆ ಎಳೀಬೇಕು. ... ಹೊರಗೆ ನಿಮ್ಮ ಕಾರೇ ಅಡ್ಡ ಇದೆಯಾ?”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಆಕೆ ಒಲೆ ಆರಿಸಿದಳು. ಆ ಗೇಟನ್ನು ಕೂರಿಸಿದ್ದು ಆಕೆಯ ಗಂಡನೇ. ದಾರಿಯಲ್ಲಿ ಯಾರದೇ ಗೇಟು ಕಂಡರೂ ಕಾರು ನಿಲ್ಲಿಸಿ ತಪ್ಪು ಹುಡುಕುವ ಮನುಷ್ಯ; ಮದುವೆಯಾದ ಹೊಸದರಲ್ಲಿ ಹೋದ ಪ್ರವಾಸದಲ್ಲಿ ಆಕೆ ಸಮುದ್ರಕ್ಕಿಂತ ಹೆಚ್ಚು ನೋಡಿದ್ದು ಗೇಟಿನ ಕೀಲುಗಳನ್ನು. ಇದನ್ನೆಲ್ಲ ನೋಡಿಯೇ ಬೆಳೆದ ಮಗಳದು ಮದುವೆಗೆ ಒಂದೇ ಷರತ್ತು: ಗೇಟು ನೋಡುವ ಹುಡುಗ ಬೇಡ.

“ನಿಮ್ಮ ಯಜಮಾನ್ರು ಬಗ್ಗಿ ಏನು ನೋಡ್ತಿದಾರೆ? ... ಕೀಲಾ? ... ಮೇಲಿನ ಕೀಲಿನ ಗೂಟ ಕೆಳಮುಖ ಇರಬೇಕಿತ್ತಂತಾ? ಎರಡೂ ಮೇಲ್ಮುಖ ಇದ್ರೆ ಹಸು ಕೊಂಬು ಕೊಟ್ಟು ಎತ್ತಿ ಹಾಕುತ್ತಾ? ... ಹಾಕಿತ್ತು ಕಣ್ರೀ, ಹೋದ ತಿಂಗಳು. ಗಾಳಿಗೆ ಬಿತ್ತು ಅಂದ್ರು ಇವರು, ನಾನೂ ಹೂಂ ಅಂದೆ. ದಯವಿಟ್ಟು ಇವರ ಮುಂದೆ ಆ ಮಾತು ಬೇಡ. ಊಟಾನೇ ಬಿಟ್ಟುಬಿಡ್ತಾರೆ.”

...

“ಆಗಲೇ ಅಲ್ಲಿಗೆ ಬಂದ್ರಾ ನಮ್ಮವರು? ... ಜಗಳಾನಾ? ... ಮತ್ತೆ? ಇಬ್ಬರೂ ಕುಕ್ಕರಗಾಲಲ್ಲಿ ಕೂತಿದಾರಾ? ... ನಿಮ್ಮವರೂ ಕಾರಲ್ಲಿ ಸ್ಪ್ಯಾನರ್ ಇಟ್ಕೊಂಡೇ ಓಡಾಡ್ತಾರಾ? ... ಹಾಂ, ನಿಮ್ಮನ್ನೂ ಕಾರಲ್ಲೇ ಕೂರಿಸಿ ಹೋಗ್ತಾರಾ? ನಾನು ಹೆಣಿಗೆ ಕಲ್ತಿದ್ದೇ ಹಾಗೆ ಕಾದು ಕಾದು.”

ನಗುತ್ತಿದ್ದವಳಿಗೆ ತಟ್ಟನೆ ಹೊಳೆಯಿತು: ಅಪ್ಪ ಹೀಗಾದರೆ ಮಗ?

“ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ಹುಡುಗ ಎಲ್ಲಿ? ಅವನೂ ಬಗ್ಗಿದಾನಾ?”

...

“ಹತ್ತಿ ದಾಟಿದನಾ? ಯಾವ ಕಡೆಯಿಂದ? ... ಚಿಲಕದ ಕಡೆಯಿಂದಾನಾ? ಹತ್ತೋದಾದ್ರೆ ಕೀಲಿನ ಕಡೆಯಿಂದಲೇ ಹತ್ತಬೇಕು, ಇಲ್ದಿದ್ರೆ ಗೇಟು ಜೋತು ಬೀಳುತ್ತೆ ಅಂತ ಇವರು... ಅಪ್ಪಂದಿರು ಇಬ್ಬರೂ ಕೂಗಿದ್ರಾ? ... ತಿರುಗಿ ನೋಡಲಿಲ್ವಾ? ... ಗೇಟೇ ಕಳಚಿ ಬಿತ್ತಾ? ಆಗಲೂ ನೋಡಲಿಲ್ವಾ?”

...

“ಹಾಗಾದ್ರೆ ನಮಗೆ ಒಪ್ಪಿಗೆ ಕಣ್ರೀ, ಬೀಗಿತ್ತಿ. ... ಮಗಳನ್ನ ಕೇಳೋದೇನು, ಕಿಟಕೀಲಿ ನೋಡ್ತಾ ನಿಂತಿದ್ಲು, ಈಗ ಬಾಗಿಲು ತೆಗೆಯೋಕೆ ಓಡಿದಳು. ನೀವೂ ಬನ್ನಿ. ... ಅವರಿಬ್ಬರನ್ನ ಬಿಡಿ, ಹಸಿವಾದಾಗ ಬರ್ತಾರೆ. ... ದಾರಿ ಇಲ್ವಾ? ಬಿದ್ದಿರೋ ಗೇಟ್ ಮೇಲೇ ಕಾಲಿಟ್ಟು ಬನ್ನಿ. ... ಅವರು ನೋಡಿದ್ರೆ ನೋಡ್ಲಿ. ... ಹಲೋ? ಕೇಳಿಸ್ತಾ? ಚೆನ್ನಾಗಿ ತುಳ್ಕೊಂಡೇ...”