ತಲೆಯಿಲ್ಲದ ಫೋಟೋಗಳು

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಶರಣವ್ವನ ಪಕ್ಕದಲ್ಲೇ ಗಂಡ ಹೆಂಡತಿ ನಿಂತಿದ್ದರು. ಮಿದುಳಿನ ಯಾವುದೋ ಸಂಶೋಧನೆಗೆ ಹೋಗಿ ಬಂದವರು, ಇಬ್ಬರ ಕೈಯಲ್ಲೂ ಫಲಿತಾಂಶದ ಹಾಳೆ. ಜಗಳದ ವಾಸನೆ ಬಡಿದದ್ದೇ ಶರಣವ್ವನ ಕಿವಿ ಅತ್ತ ಹೊರಳಿತು.

“ನಾವಿಬ್ರೂ ಸೇರಿ ನಮ್ಮ ಆಫೀಸಿನ ಹತ್ತು ಜನ, ಎಲ್ರಿಗೂ ಒಂದೇ ಕಪ್ಪು ಬಟ್ಟೆ, ಫೋಟೋದಲ್ಲಿ ತಲೇನೇ ಇಲ್ಲ. ಮುಕ್ಕಾಲು ಸೆಕೆಂಡಲ್ಲಿ ಶೀತಲ್ ಅಂತ ಅದ್ ಹೇಗ್ರೀ ಗೊತ್ತಾಯ್ತು?”

“ಮೈಕಟ್ಟು ನೋಡಿದ್ರೆ ಸಾಕು, ಮಿದುಳು ಗುರುತು ಹಿಡಿಯುತ್ತಂತೆ ಕಣೇ. ಅವ್ರೇ ಹೇಳಿದ್ರಲ್ಲ.”

“ಕಟ್ಕೊಂಡ ಹೆಂಡ್ತಿಗೆ ಮಾತ್ರ ಆ ಮಿದುಳು ಎರಡು ಸೆಕೆಂಡ್ ತಗೊಳ್ತು!”

“ನೀನು ಹೊಟ್ಟೆ ಒಳಗೆಳ್ಕೊಂಡು ನಿಂತಿದ್ದೆ.”

ಶರಣವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು.

“ಅವಳಲ್ಲಿ ಏನು ನೋಡಿದ್ರಿ? ಅದ್ ಹೇಳಿ ಮೊದ್ಲು.”

“ಎಡಗಡೆ ಭುಜ ಒಂಚೂರು ಇಳಿದಿರುತ್ತಲ್ಲ...”

“ಎಡಗಡೆ ಅಲ್ಲ, ಬಲಗಡೆ! ಸೊಂಟದ ಮೇಲೆ ಕೈ, ಒಂದೇ ಕಾಲ ಮೇಲೆ ಭಾರ. ಹಿಂಗೆ!”

ಅವಳು ಹಾಗೇ ನಿಂತು ತೋರಿಸಿಯೇಬಿಟ್ಟಳು. ಆ ಶೀತಲ್ ಎಲ್ಲೇ ಎದುರಾದರೂ ಇನ್ನು ಶರಣವ್ವನೂ ಗುರುತಿಸಬಹುದಿತ್ತು.

ಗಂಡ ಕೈ ಚಾಚಿದ.

“ನಿನ್ ಹಾಳೆ ತಾ ಇಲ್ಲಿ.”

“ಬೇಡ.”

ಅವನು ಕಿತ್ತುಕೊಂಡೇ ನೋಡಿದ.

“ನನ್ನ ಗುರುತು ಹಿಡಿಯೋಕೆ ಒಂದೂವರೆ ಸೆಕೆಂಡು. ಶೀತಲ್‌ಗೆ ಅರ್ಧ! ಅವಳನ್ನ ದಿನಾ ಕಣ್ಣಿಟ್ಟು ನೋಡ್ತಿರೋದು ನಾನಾ, ನೀನಾ?”

ಬಸ್ಸು ಬಂತು. ಅವಳು ಹಾಳೆ ಕಸಿದುಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದಳು, ಹೊಟ್ಟೆಯನ್ನು ಒಳಗೆಳೆದುಕೊಂಡೇ.